ತಾರಸಿಯಿಂದ ನಲ್ಲಿಯವರೆಗೆ ಬಿಸಿನೀರಿನ ಹಾದಿ

ಶೀತದೇಶಗಳಲ್ಲಿ ಮನೆಯ ಬಿಸಿನೀರಿನ ವ್ಯವಸ್ಥೆ ಎಂದರೆ ಬಹುಮಟ್ಟಿಗೆ ಕೋಣೆಗಳನ್ನು ಬೆಚ್ಚಗಿಡುವ ವ್ಯವಸ್ಥೆ. ನೆಲಮಾಳಿಗೆಯ ಬಾಯ್ಲರಿನಲ್ಲಿ ಕಾದ ನೀರು ಗೋಡೆಬದಿಯ ರೇಡಿಯೇಟರುಗಳಲ್ಲಿ ಸುತ್ತಿ, ಶಾಖವನ್ನು ಕೋಣೆಗೆ ಬಿಟ್ಟುಕೊಟ್ಟು, ತಣ್ಣಗಾಗಿ ಮತ್ತೆ ಬಾಯ್ಲರಿಗೇ ಮರಳುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಉಷ್ಣಾಂಶ ಇಳಿದ ದಾಖಲೆಯಿಲ್ಲದ ಬೆಂಗಳೂರಿಗೆ ಅಂಥ ಏರ್ಪಾಡು ಬೇಕಾಗಿಲ್ಲ. ಇಲ್ಲಿ ಬಿಸಿನೀರು ಬೇಕಾಗುವುದು ಬಚ್ಚಲಿಗೆ, ಅದೂ ಬೆಳಗಿನ ಎರಡು ಗಂಟೆಗಳ ಒಳಗೆ, ಮನೆಮಂದಿಗೆಲ್ಲ ಒಟ್ಟಿಗೆ. ಈ ಒಂದು ಅಗತ್ಯದ ಸುತ್ತ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ತಾರಸಿಗಳ ಮೇಲೆ ಬೆಳೆದಿರುವ ಕೊಳವೆ, ತೊಟ್ಟಿ, ಗಾಜು ಮತ್ತು ತಾಮ್ರದ ಏರ್ಪಾಡು ಹೊರನೋಟಕ್ಕೆ ಸರಳವೆನಿಸಿದರೂ, ಅದರ ಪ್ರತಿ ಭಾಗವೂ ಇನ್ನೊಂದರ ಎತ್ತರ, ಒತ್ತಡ ಮತ್ತು ಉಷ್ಣಾಂಶಕ್ಕೆ ಬದ್ಧವಾಗಿರುತ್ತದೆ. ಕೊಳ್ಳುವವರ ಗಮನವೆಲ್ಲ ನೀರು ಕಾಯಿಸುವ ಯಂತ್ರದ ಮೇಲೆ, ಅದರ ಲೀಟರಿನ ಲೆಕ್ಕದ ಮೇಲೆ ನಿಲ್ಲುತ್ತದೆ; ಆದರೆ ವ್ಯವಸ್ಥೆ ಹತ್ತು ವರ್ಷ ಬಾಳುವುದೋ ಮೂರೇ ವರ್ಷದಲ್ಲಿ ಕೆಡುವುದೋ ಎಂಬುದನ್ನು ತೀರ್ಮಾನಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರೊಳಗೆ ಹರಿಯುವ ನೀರಿನ ಗುಣ ಮತ್ತು ಆ ನೀರನ್ನು ಒಯ್ಯುವ ಪೈಪಿನ ಹಾದಿ.

ಹಳೆಯ ಮೈಸೂರು ಸೀಮೆಯ ಬಚ್ಚಲುಮನೆಗಳಲ್ಲಿ ಈ ಭಾಗಗಳೆಲ್ಲ ಒಂದೇ ಪಾತ್ರೆಯಲ್ಲಿ ಅಡಕವಾಗಿದ್ದವು. ಮಣ್ಣಿನಲ್ಲೋ ಇಟ್ಟಿಗೆಯಲ್ಲೋ ಕಟ್ಟಿದ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಯೇ ಕಾಯಿಸುವ ಸಾಧನವೂ ಆಗಿತ್ತು, ಕೂಡಿಡುವ ತೊಟ್ಟಿಯೂ ಆಗಿತ್ತು. ಒಲೆಯ ಸುತ್ತಲಿನ ದಪ್ಪ ಮಣ್ಣು ಶಾಖವನ್ನು ಹಿಡಿದಿಡುತ್ತಿತ್ತು, ತಣ್ಣೀರಿನ ತೊಟ್ಟಿ ಕೈಗೆಟುಕುವಂತೆ ಪಕ್ಕದಲ್ಲೇ ಇರುತ್ತಿತ್ತು, ಬೆರಕೆಯ ಹದವನ್ನು ತಂಬಿಗೆ ಹಿಡಿದ ಕೈಯೇ ನಿರ್ಧರಿಸುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಒಳಗೆ ಕಟ್ಟಿದ ಬಿಳಿಯ ಪದರವನ್ನು ಉಜ್ಜಿ ತೆಗೆಯುವ ಪದ್ಧತಿಯಲ್ಲಿ ಒಂದು ತಾಂತ್ರಿಕ ಪ್ರಯೋಜನವೂ ಇತ್ತು, ಏಕೆಂದರೆ ಆ ಪದರ ದಪ್ಪವಾದಷ್ಟೂ ಅದೇ ನೀರಿಗೆ ಹೆಚ್ಚು ಸೌದೆ ಬೇಕಾಗುತ್ತದೆ. 1890ರ ದಶಕದಲ್ಲಿ ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದು, ಮುಂದಿನ ದಶಕಗಳಲ್ಲಿ ಕಾಂಕ್ರೀಟಿನ ತಾರಸಿ, ಓವರ್‌ಹೆಡ್ ಟ್ಯಾಂಕ್, ಒಂದರ ಮೇಲೊಂದು ಮಹಡಿ ಬಂದ ಮೇಲೆ ಒಲೆ ಹಿಂದೆ ಸರಿಯಿತು, ಹಂಡೆಯ ಕೆಲಸಗಳು ಬೇರೆ ಬೇರೆ ಭಾಗಗಳಿಗೆ ಹಂಚಿಹೋದವು. ಆ ಭಾಗಗಳ ನಡುವಿನ ಸಂಬಂಧವನ್ನು ಅರಿತವರು ಮನೆಯಲ್ಲಿ ಯಾರೂ ಇಲ್ಲದಿರುವುದೇ ಇಂದಿನ ತೊಂದರೆಗಳ ಬೇರು.

ಬಿಸಿನೀರನ್ನು ವಿದ್ಯುತ್ತಿನಿಂದ ಪಡೆಯಬೇಕೇ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದ್ದೂ ಇದೇ ಪ್ರದೇಶದಿಂದ. ಯಶವಂತಪುರಕ್ಕೆ ಅಂಟಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದ ಅಮೂಲ್ಯ ಕೆ.ಎನ್. ರೆಡ್ಡಿಯವರು, 1991ರಲ್ಲಿ ಸಹೋದ್ಯೋಗಿಗಳೊಂದಿಗೆ ಕರ್ನಾಟಕದ ವಿದ್ಯುತ್ ಬೇಡಿಕೆಯನ್ನು ಕುರಿತು ‘ಡಿಫೆಂಡಸ್’ ಎಂಬ ಪರ್ಯಾಯ ಯೋಜನೆಯನ್ನು ಪ್ರಕಟಿಸಿದರು. ಜನರಿಗೆ ಬೇಕಾಗಿರುವುದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು ಮುಂತಾದ ಸೇವೆಗಳು ಎಂಬುದು ಅದರ ತಿರುಳು. ಮನೆಗಳ ವಿದ್ಯುತ್ ಹೀಟರುಗಳ ಬದಲು ಸೌರ ಹೀಟರುಗಳನ್ನು ತರುವುದು ಅದು ಸೂಚಿಸಿದ ಕ್ರಮಗಳಲ್ಲೊಂದು. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗವಷ್ಟೇ ವಿದ್ಯುತ್ತಾಗಿ ಮನೆ ತಲುಪುತ್ತದೆ; ಹಾಗೆ ಕಷ್ಟಪಟ್ಟು ಪಡೆದ ಉನ್ನತ ದರ್ಜೆಯ ಶಕ್ತಿಯನ್ನು ಮೈಗೆ ಹಿತವಾಗುವ ನಲವತ್ತು ಡಿಗ್ರಿಯ ನೀರಿಗಾಗಿ ಮತ್ತೆ ಶಾಖವನ್ನಾಗಿ ಮಾಡುವುದು ದೊಡ್ಡ ನಷ್ಟ. ಇಸ್ರೇಲ್ 1980ರಲ್ಲೇ ಹೊಸ ಮನೆಗಳಿಗೆ ಸೌರ ಹೀಟರನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿತ್ತು. ಕರ್ನಾಟಕ ಸರ್ಕಾರ 2007ರಲ್ಲಿ ನಗರಗಳ ಹೊಸ ಕಟ್ಟಡಗಳಿಗೆ ಅಂಥದೇ ಆದೇಶ ಹೊರಡಿಸಿತು, ವಿದ್ಯುತ್ ಸಂಪರ್ಕ ಕೊಡುವ ಮುನ್ನ ತಾರಸಿಯ ಮೇಲೆ ಹೀಟರ್ ಇದೆಯೇ ಎಂದು ನೋಡುವ ಪದ್ಧತಿ ಬೆಸ್ಕಾಂನಲ್ಲಿ ಬಂದಿತು, ಸೋಲಾರ್ ಬಳಸುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ದರಪಟ್ಟಿಯಲ್ಲಿ ಸೇರಿತು. ಆದೇಶ ಒಳ್ಳೆಯದೇ, ಆದರೆ ಹೀಟರ್ ತಾರಸಿಯ ಮೇಲಿದೆಯೇ ಎಂದು ನೋಡುವವರು, ಅದು ಎಷ್ಟು ಎತ್ತರದಲ್ಲಿದೆ, ಯಾವ ಪೈಪಿಗೆ ಸೇರಿದೆ, ಯಾವ ನೀರನ್ನು ಕುಡಿಯುತ್ತಿದೆ ಎಂದು ನೋಡುವುದಿಲ್ಲ.

ವ್ಯವಸ್ಥೆಯ ಮೊದಲ ಭಾಗ ಸೌರ ಫಲಕವಲ್ಲ, ತಣ್ಣೀರಿನ ಟ್ಯಾಂಕು. ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ನೀರು ಮೊದಲು ನೆಲದಡಿಯ ಸಂಪಿಗೆ ಬಂದು, ಮೋಟರಿನ ಮೂಲಕ ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಇಳಿಯುತ್ತದೆ. ನೀರಿನ ಮಟ್ಟಕ್ಕೂ ನಲ್ಲಿಗೂ ನಡುವಿನ ಈ ಎತ್ತರದ ಅಂತರವನ್ನು ‘ಹೆಡ್’ ಎನ್ನುತ್ತಾರೆ. ಹತ್ತು ಮೀಟರ್ ಅಂತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನೆಲಮಹಡಿಯಲ್ಲಿ ರಭಸದಿಂದ ಬರುವ ಶವರ್, ಟ್ಯಾಂಕಿನ ನೇರ ಕೆಳಗಿನ ಮಹಡಿಯಲ್ಲಿ ತೊಟ್ಟಿಕ್ಕುವುದಕ್ಕೆ ಕಾರಣ ಅಲ್ಲಿ ಎರಡು ಮೂರು ಮೀಟರಿನ ಹೆಡ್ ಮಾತ್ರ ಇರುವುದು. ಸೋಲಾರ್ ಟ್ಯಾಂಕಿಗೆ ನೀರು ಈ ತಣ್ಣೀರಿನ ಟ್ಯಾಂಕಿನಿಂದಲೇ ತನ್ನಷ್ಟಕ್ಕೆ ತುಂಬಿಕೊಳ್ಳಬೇಕಾದ್ದರಿಂದ, ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಮನೆ ಕಟ್ಟುವಾಗ ಟ್ಯಾಂಕಿನ ಕಟ್ಟೆಯನ್ನು ಎರಡಡಿ ಎತ್ತರಕ್ಕೆ ಕಟ್ಟಿ ಮುಗಿಸಿ, ಆಮೇಲೆ ಸೋಲಾರ್ ತರಿಸಿದವರಿಗೆ ಈ ನಿಯಮದ ಅರಿವಾಗುವುದು ಟ್ಯಾಂಕು ಅರ್ಧವಷ್ಟೇ ತುಂಬುತ್ತಿದೆ ಎಂದು ಗೊತ್ತಾದಾಗ.

ತಣ್ಣೀರಿನ ಟ್ಯಾಂಕಿನ ಕೆಳಗೆ ಸೋಲಾರ್ ಟ್ಯಾಂಕು, ಅದರ ಕೆಳಗೆ ಬಿಸಿಲು ಹೀರುವ ಫಲಕ ಅಥವಾ ಕಲೆಕ್ಟರ್: ಈ ಕ್ರಮದ ಹಿಂದೆ ಥರ್ಮೋಸೈಫನ್ ಎಂಬ ತತ್ತ್ವವಿದೆ. ನೀರು ಬಿಸಿಯಾದಾಗ ಹಿಗ್ಗಿ ಹಗುರವಾಗುತ್ತದೆ. ಹಗುರವಾದ ನೀರು ಕಲೆಕ್ಟರಿನಿಂದ ಮೇಲೇರಿ ಟ್ಯಾಂಕನ್ನು ಸೇರುತ್ತದೆ, ಅದರ ಜಾಗಕ್ಕೆ ಟ್ಯಾಂಕಿನ ತಳದ ತಣ್ಣೀರು ಇಳಿದು ಬರುತ್ತದೆ. ಬಿಸಿಲಿರುವಷ್ಟು ಹೊತ್ತೂ ಪಂಪಾಗಲಿ ವಿದ್ಯುತ್ತಾಗಲಿ ಇಲ್ಲದೆ ಈ ಸುತ್ತು ನಡೆಯುತ್ತಲೇ ಇರುತ್ತದೆ. ಅಮೆರಿಕದ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದ ಮೊದಲ ವಾಣಿಜ್ಯ ಸೌರ ಹೀಟರಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಕಪ್ಪು ತೊಟ್ಟಿಯೇ ಎಲ್ಲವೂ ಆಗಿದ್ದು, ಹಗಲು ಕಾದ ನೀರು ರಾತ್ರಿ ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಕಾಯಿಸುವ ಭಾಗವನ್ನೂ ಕೂಡಿಡುವ ಭಾಗವನ್ನೂ ಬೇರ್ಪಡಿಸಿ, ಶಾಖನಿರೋಧಕ ಹೊದಿಸಿದ ಟ್ಯಾಂಕನ್ನು ಮೇಲಿಟ್ಟಾಗ ಮುಂಜಾನೆಗೂ ಬಿಸಿನೀರು ಸಿಗುವಂತಾಯಿತು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಇಂದು ಜೋಡಣೆಯಾಗುವ ಹೀಟರುಗಳ ಮೂಲರಚನೆ ಅದೇ. ಫಲಕ ಮಾದರಿಯಲ್ಲಿ ಟ್ಯಾಂಕಿನ ತಳ ಕಲೆಕ್ಟರಿನ ಮೇಲಂಚಿಗಿಂತ ಸುಮಾರು ಒಂದಡಿಯಾದರೂ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುವ ಕಲೆಕ್ಟರ್ ಈ ಸುತ್ತನ್ನು ಹಿಮ್ಮುಖವಾಗಿ ತಿರುಗಿಸಿ, ಹಗಲಿನ ಗಳಿಕೆಯನ್ನು ಬೆಳಗಾಗುವುದರೊಳಗೆ ಕಳೆದುಬಿಡುತ್ತದೆ.

ಕಲೆಕ್ಟರಿನಲ್ಲಿ ಎರಡು ಬಗೆ ಚಾಲ್ತಿಯಲ್ಲಿವೆ. ಚಪ್ಪಟೆ ಫಲಕದಲ್ಲಿ ಮೇಲೆ ಮತ್ತು ಕೆಳಗೆ ಅಡ್ಡಲಾಗಿರುವ ಎರಡು ದಪ್ಪ ತಾಮ್ರದ ಕೊಳವೆಗಳನ್ನು ಹೆಡರ್ ಎಂದೂ, ಅವುಗಳ ನಡುವೆ ಲಂಬವಾಗಿ ಬೆಸೆದ ಒಂಬತ್ತು ಹತ್ತು ಸಣ್ಣ ಕೊಳವೆಗಳನ್ನು ರೈಸರ್ ಎಂದೂ ಕರೆಯುತ್ತಾರೆ. ರೈಸರುಗಳಿಗೆ ಬೆಸೆದ ತೆಳು ಲೋಹದ ಹಾಳೆ ಬಿಸಿಲನ್ನು ಹೀರಿ ನೀರಿಗೆ ಕೊಡುತ್ತದೆ, ಮೇಲಿನ ಗಟ್ಟಿ ಗಾಜು ಗಾಳಿಯನ್ನು ತಡೆಯುತ್ತದೆ, ಕೆಳಗಿನ ಖನಿಜ ಉಣ್ಣೆಯ ಹಾಸು ಶಾಖ ಸೋರದಂತೆ ಹಿಡಿಯುತ್ತದೆ. ಹಾಳೆಯ ಮೇಲಿನ ಕಪ್ಪು ಲೇಪ ಬರಿಯ ಬಣ್ಣವಲ್ಲ. ಬೀಳುವ ಬೆಳಕಿನ ಬಹುಭಾಗವನ್ನು ಹೀರಿಕೊಂಡು, ತಾನು ಕಾದ ಮೇಲೂ ಶಾಖದ ಕಿರಣಗಳನ್ನು ಹೊರಸೂಸದಿರುವ ಈ ‘ಆಯ್ದು ಹೀರುವ’ ಲೇಪವನ್ನು 1950ರ ದಶಕದಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಬಳಕೆಗೆ ತಂದರು. ಎರಡನೆಯದು ನಿರ್ವಾತ ಕೊಳವೆಗಳ ಮಾದರಿ: ಒಂದರೊಳಗೊಂದು ಕೂರಿಸಿದ ಎರಡು ಬೊರೊಸಿಲಿಕೇಟ್ ಗಾಜಿನ ಕೊಳವೆಗಳ ನಡುವಿನ ಗಾಳಿಯನ್ನು ತೆಗೆದಿರುವುದರಿಂದ, ಒಳಗೊಳವೆ ಹೀರಿದ ಶಾಖಕ್ಕೆ ಹೊರಹೋಗುವ ಹಾದಿ ಇರುವುದಿಲ್ಲ. ಕೊಳವೆಯ ತುದಿಯಲ್ಲಿ ಕಾಣುವ ಬೆಳ್ಳಿಯ ಬಣ್ಣದ ಮಚ್ಚೆ ಬೇರಿಯಂ ಲೋಹದ್ದು. ಗಾಜು ಬಿರುಕುಬಿಟ್ಟು ಗಾಳಿ ನುಗ್ಗಿದೊಡನೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ತಾರಸಿಗೆ ಹೋದವರು ಕೊಳವೆಗಳ ತುದಿಯನ್ನೊಮ್ಮೆ ನೋಡಿದರೆ ಸಾಕು, ಯಾವುದು ಸತ್ತಿದೆ ಎಂದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ. ಬೋರ್‌ವೆಲ್ ಕೈಕೊಟ್ಟು ಟ್ಯಾಂಕು ಬರಿದಾಗಿ, ಖಾಲಿ ಕೊಳವೆಗಳು ನಡುಹಗಲಿನ ಬಿಸಿಲಿನಲ್ಲಿ ಕಾದಿರುವಾಗ ಟ್ಯಾಂಕರಿನ ತಣ್ಣೀರನ್ನು ಒಮ್ಮೆಲೇ ಬಿಟ್ಟರೆ ಗಾಜು ಒಡೆಯುತ್ತದೆ. ಅಂಥ ದಿನ ಸಂಜೆಯವರೆಗೆ ಕಾದು ನೀರು ತುಂಬಿಸುವುದೇ ಸರಿ.

ಕಲೆಕ್ಟರ್ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿರಬೇಕು. ಯಲಹಂಕ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮೂರನೆಯ ವಾರದಲ್ಲೂ. ಆದರೆ ಬಿಸಿನೀರು ಹೆಚ್ಚು ಬೇಕಾಗುವುದು ಡಿಸೆಂಬರ್–ಜನವರಿಯಲ್ಲಾದ್ದರಿಂದ, ಅಕ್ಷಾಂಶಕ್ಕೆ ಹತ್ತು ಹದಿನೈದು ಡಿಗ್ರಿ ಕೂಡಿಸಿ ಓರೆ ಕೊಡುವುದು ವಾಡಿಕೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ದಕ್ಷಿಣದ ನೆರೆಮನೆ ಮೂರು ಮೀಟರಿನ ಒಂದು ಮಹಡಿಯಷ್ಟು ಎತ್ತರವಾಗಿದ್ದರೆ ಅದರ ನೆರಳು ನಡುಹಗಲಿನಲ್ಲೇ ಎರಡು ಮೀಟರಿಗೂ ಮಿಕ್ಕಿ ಬೀಳುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದವಾಗುತ್ತದೆ. ಆರ್.ಟಿ. ನಗರದ ಮೂವತ್ತು ನಲವತ್ತರ ನಿವೇಶನಗಳಲ್ಲಿ ಒಂದು ಮನೆ ನೆಲ ಮತ್ತು ಎರಡು ಮಹಡಿಗೆ ನಿಂತು, ಪಕ್ಕದ್ದು ನಾಲ್ಕಕ್ಕೆ ಏರಿದಾಗ, ಹತ್ತು ವರ್ಷ ಚೆನ್ನಾಗಿ ನಡೆದ ಸೋಲಾರ್ ಒಂದು ಚಳಿಗಾಲದಲ್ಲಿ ‘ಇದ್ದಕ್ಕಿದ್ದಂತೆ’ ಕೆಡುವುದು ಹೀಗೆ. ಯಂತ್ರದಲ್ಲಿ ದೋಷವಿರುವುದಿಲ್ಲ, ಸ್ಥಳ ಬದಲಿಸುವುದೊಂದೇ ದಾರಿ.

ಕಾದ ನೀರನ್ನು ಇರುಳಿಡೀ ಹಿಡಿದಿಡುವ ಟ್ಯಾಂಕಿನಲ್ಲಿ ಒಳಗೆ ಸ್ಟೇನ್‌ಲೆಸ್ ಉಕ್ಕಿನ ಅಥವಾ ಗಾಜುಲೇಪದ ತೊಟ್ಟಿ, ಅದರ ಸುತ್ತ ಪಫ್ ಎಂದು ಕರೆಯುವ ಪಾಲಿಯುರೆಥೇನ್ ನೊರೆಯ ದಪ್ಪ ಹೊದಿಕೆ, ಅದರ ಹೊರಗೆ ತಗಡಿನ ಕವಚ ಇರುತ್ತವೆ. ಒಳಗಿನ ನೀರು ಒಂದೇ ಉಷ್ಣಾಂಶದ್ದಲ್ಲ. ಬಿಸಿ ಮೇಲೆ, ತಣ್ಣನೆಯದು ಕೆಳಗೆ ಪದರಪದರವಾಗಿ ನಿಂತಿರುತ್ತದೆ. ಆದ್ದರಿಂದ ತಣ್ಣೀರು ಒಳಬರುವ ಬಾಯಿ ತಳದಲ್ಲಿರುತ್ತದೆ, ಬಿಸಿನೀರು ಹೊರಹೋಗುವ ಬಾಯಿ ಮೇಲಿರುತ್ತದೆ. ಈ ಪದರ ಕಲಕದಷ್ಟು ನಿಧಾನವಾಗಿ ತಣ್ಣೀರು ಬಂದರೆ 200 ಲೀಟರಿನ ಟ್ಯಾಂಕಿನಲ್ಲಿ ಕೊನೆಯವರಿಗೂ ಹದವಾದ ನೀರು ಸಿಗುತ್ತದೆ. ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ನಿಂತ, ತುದಿ ಬಾಗಿದ ಕೊಳವೆಯನ್ನು ಏರ್ ವೆಂಟ್ ಎನ್ನುತ್ತಾರೆ. ಬಿಸಿನೀರಿನಿಂದ ಬಿಡುಗಡೆಯಾಗುವ ಗಾಳಿಯನ್ನೂ ಹಬೆಯನ್ನೂ ಹೊರಬಿಡುವುದು, ನಲ್ಲಿ ತೆರೆದಾಗ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ತಗಡು ಒಳಕ್ಕೆ ಕುಸಿಯದಂತೆ ಗಾಳಿಯನ್ನು ಒಳಬಿಡುವುದು ಅದರ ಕೆಲಸ. ಅದರ ತುದಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ತಗ್ಗಿದ್ದರೆ ನೀರು ತನ್ನ ಸಮಮಟ್ಟವನ್ನು ಹುಡುಕಿಕೊಂಡು ಅಲ್ಲಿಂದಲೇ ಸುರಿದುಹೋಗುತ್ತದೆ. ನೀರು ತೊಟ್ಟಿಕ್ಕುತ್ತದೆ ಎಂದು ವೆಂಟಿನ ಬಾಯಿಗೆ ಮುಚ್ಚಳ ಬಿಗಿಯುವ ಅಭ್ಯಾಸ ನಗರದಲ್ಲಿ ಇನ್ನೂ ಉಳಿದಿದೆ. ಇಡೀ ವ್ಯವಸ್ಥೆಯಲ್ಲಿ ಅದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ.

ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ ಎರಡು ಕಿಲೋವಾಟಿನ ವಿದ್ಯುತ್ ಕಾಯಿಲ್ ಇಟ್ಟಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಆಕಾಶ ವಾರಗಟ್ಟಲೆ ಮುಚ್ಚಿರುವುದರಿಂದ ಇದರ ಲೆಕ್ಕ ತಿಳಿದಿರುವುದು ಒಳ್ಳೆಯದು. ಒಂದು ಲೀಟರ್ ನೀರಿನ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.19 ಕಿಲೋಜೂಲ್ ಬೇಕು. ಇನ್ನೂರು ಲೀಟರನ್ನು 25ರಿಂದ 60 ಡಿಗ್ರಿಗೆ ತರಲು ಎಂಟು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ವಿದ್ಯುತ್ತೂ ನಾಲ್ಕು ಗಂಟೆಗಳೂ ಹಿಡಿಯುತ್ತವೆ. ಸ್ನಾನಕ್ಕೆ ಬೇಕಾದುದು ನಾಲ್ಕು ಬಕೆಟ್ಟಾದರೂ ಕಾಯಿಲ್ ಕಾಯಿಸುವುದು ಇಡೀ ಟ್ಯಾಂಕನ್ನು. ಇದಕ್ಕಿಂತ, ಬಚ್ಚಲುಮನೆಯಲ್ಲಿ ಸೋಲಾರ್ ಪೈಪಿನ ಕೊನೆಯಲ್ಲಿ ಹದಿನೈದು ಲೀಟರಿನ ಗೀಸರೊಂದನ್ನು ಸರಣಿಯಾಗಿ ಜೋಡಿಸಿ, ಉಗುರುಬೆಚ್ಚಗಿನ ನೀರನ್ನು ಬೇಕಾದಷ್ಟೇ ಕಾಯಿಸಿಕೊಳ್ಳುವುದು ವಿವೇಕದ ಏರ್ಪಾಡು. ಬಿಸಿಲಿನ ದಿನಗಳ ಅತಿ ಬಿಸಿನೀರು ಒಳಬರುವುದನ್ನು ಆ ಗೀಸರ್ ತಾಳುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಇಷ್ಟೆಲ್ಲ ಸರಿಯಾಗಿದ್ದೂ ಉತ್ತರ ಬೆಂಗಳೂರಿನಲ್ಲಿ ಹೀಟರುಗಳು ಬೇಗ ಕೆಡುವುದಕ್ಕೆ ಮುಖ್ಯ ಕಾರಣ ನೀರು. ಯಲಹಂಕ ಮತ್ತು ಬ್ಯಾಟರಾಯನಪುರ ನಗರಸಭೆಗಳೂ ನಗರದ ಸುತ್ತಲಿನ 110 ಹಳ್ಳಿಗಳೂ 2007ರಲ್ಲಿ ಬಿಬಿಎಂಪಿಗೆ ಸೇರಿದಾಗ, ಆ ಹಳ್ಳಿಗಳ ಹೊಸ ಬಡಾವಣೆಗಳಿಗೆ ಬೋರ್‌ವೆಲ್ಲೇ ಆಧಾರವಾಗಿತ್ತು. ಅಲ್ಲಿಗೆ ಕಾವೇರಿಯನ್ನು ಒಯ್ಯುವ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾದುದು 2024ರ ಅಕ್ಟೋಬರ್ 16ರಂದು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು, ಸಾವಿರ ಅಡಿಗೂ ಆಳದಿಂದ ಮೇಲೆ ಬರುವ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಇದನ್ನೇ ಗಡಸು ನೀರು ಎನ್ನುವುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಸಹಿಸಬಹುದು ಎನ್ನುತ್ತದೆ. ಕುಡಿಯುವುದಕ್ಕೆ ಸಹ್ಯವಾದ ಈ ನೀರು ಕಾಯಿಸುವುದಕ್ಕೆ ಸಹ್ಯವಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿಗೆ ಒಡೆದು, ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬನೇಟಾಗಿ ಅತಿ ಬಿಸಿಯಾದ ಮೇಲ್ಮೈಗೇ ಅಂಟಿಕೊಳ್ಳುತ್ತದೆ. ಸಕ್ಕರೆ, ಉಪ್ಪುಗಳು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಈ ಲವಣ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಪ್ಲಂಬರುಗಳು ‘ಉಪ್ಪು ಕಟ್ಟಿದೆ’ ಎನ್ನುವುದು ಈ ಸುಣ್ಣದ ಹಿಟ್ಟೆಗೆ.

ಅದರ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಲೀಟರಿಗೆ 300 ಮಿಲಿಗ್ರಾಂ ಇಂಥ ಗಡಸುತನವಿರುವ ನೀರನ್ನು ದಿನಕ್ಕೆ ನೂರು ಲೀಟರಿನಂತೆ ಕಾಯಿಸಿದರೆ ಹೀಟರಿನ ಮೂಲಕ ದಿನಕ್ಕೆ 30 ಗ್ರಾಂ, ವರ್ಷಕ್ಕೆ ಹತ್ತಿರಹತ್ತಿರ 11 ಕಿಲೋ ಲವಣ ಹಾದುಹೋಗುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ ಒಂದು ಕಿಲೋಗೂ ಹೆಚ್ಚು ಸುಣ್ಣ ಜಮೆಯಾಗುತ್ತದೆ. ಅರ್ಧ ಅಂಗುಲದ ತಾಮ್ರದ ರೈಸರುಗಳು ಈ ಹೊರೆಯನ್ನು ತಾಳಲಾರದೆ ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಆದಕಾರಣ ಬೋರ್ ನೀರಿನ ಮನೆಗಳಲ್ಲಿ ಚಪ್ಪಟೆ ಫಲಕವನ್ನು ನೇರವಾಗಿ ಜೋಡಿಸಬಾರದು. ಟ್ಯಾಂಕಿನೊಳಗೆ ಹೀಟ್ ಎಕ್ಸ್‌ಚೇಂಜರ್, ಅಂದರೆ ಕಲೆಕ್ಟರಿನ ನೀರೂ ಸ್ನಾನದ ನೀರೂ ಬೆರೆಯದೆ ಲೋಹದ ಗೋಡೆಯ ಮೂಲಕ ಶಾಖವನ್ನಷ್ಟೇ ಕೊಟ್ಟುಕೊಳ್ಳುವ ಏರ್ಪಾಡು ಇರಬೇಕು. ಆಗ ಕಲೆಕ್ಟರಿನಲ್ಲಿ ಒಮ್ಮೆ ತುಂಬಿದ ಶುದ್ಧ ನೀರೇ ಸುತ್ತುತ್ತದೆ, ಹೊಸ ಸುಣ್ಣ ಅಲ್ಲಿಗೆ ಹೋಗುವುದಿಲ್ಲ. ನಿರ್ವಾತ ಕೊಳವೆಗಳು ಅಗಲವಾಗಿರುವುದರಿಂದ ಬೇಗ ಮುಚ್ಚಿಹೋಗುವುದಿಲ್ಲವಾದರೂ, ಅವುಗಳ ಮುಚ್ಚಿದ ತಳದಲ್ಲಿ ಕೆಸರು ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕಾಗುತ್ತದೆ. ಟ್ಯಾಂಕಿನ ವಿಷಯದಲ್ಲಿ ಶತ್ರು ಬೇರೆ: ಬೋರ್ ನೀರಿನ ಕ್ಲೋರೈಡು ಸಾಧಾರಣ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು, ಅದರಲ್ಲೂ ಬೆಸುಗೆಯ ಸಾಲುಗಳಲ್ಲಿ, ಸೂಜಿಮೊನೆಯಷ್ಟು ಸಣ್ಣ ತೂತುಗಳಾಗಿ ತಿನ್ನುತ್ತದೆ. ಅಲ್ಲಿ 316 ಎಲ್ ದರ್ಜೆಯ ಉಕ್ಕು ಅಥವಾ ಗಾಜುಲೇಪದ ತೊಟ್ಟಿ ಮೇಲು.

ಗಾಜುಲೇಪದ ತೊಟ್ಟಿಯೊಳಗೆ ಮೆಗ್ನೀಸಿಯಂ ಸರಳೊಂದು ತೂಗುತ್ತಿರುತ್ತದೆ. ಆನೋಡ್ ಎಂದು ಕರೆಯುವ ಈ ಸರಳು ಉಕ್ಕಿಗಿಂತ ಬೇಗ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಗುಣದ್ದಾದ್ದರಿಂದ, ಲೇಪದ ಬಿರುಕಿನಲ್ಲಿ ಉಕ್ಕು ತುಕ್ಕುಹಿಡಿಯುವ ಬದಲು ತಾನೇ ಸವೆಯುತ್ತದೆ. ಸವೆದು ಮುಗಿದ ದಿನದಿಂದ ತೊಟ್ಟಿಯ ಸವೆತ ಶುರುವಾಗುತ್ತದೆ. ಗೀಸರಿನ ತಳ ಸೋರಿತೆಂದು ಎಸೆಯುವ ಮನೆಗಳಲ್ಲಿ ಬಹಳಷ್ಟು ಜನ, ಕೆಲವು ನೂರು ರೂಪಾಯಿಯ ಈ ಸರಳನ್ನು ಒಮ್ಮೆಯೂ ಬದಲಿಸಿರುವುದಿಲ್ಲ, ಅಂಥದೊಂದು ಇದೆಯೆಂದು ಅವರಿಗೆ ಹೇಳಿದವರೂ ಇರುವುದಿಲ್ಲ. ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಹಾಕಿಸಿದರೆ ಹಿಟ್ಟೆಯ ಕಾಟ ತಪ್ಪುತ್ತದೆ, ಆದರೆ ಅದು ಕ್ಯಾಲ್ಸಿಯಮ್ಮಿನ ಜಾಗಕ್ಕೆ ಸೋಡಿಯಂ ತುಂಬುವುದರಿಂದ ಆನೋಡ್ ಇನ್ನೂ ಬೇಗ ಸವೆಯುತ್ತದೆ. ಅದರ ರಾಳವನ್ನು ತೊಳೆದ ಉಪ್ಪುನೀರು ಚರಂಡಿ ಸೇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಹಿಟ್ಟೆ ತೆಗೆಯಲು ಬಚ್ಚಲು ತೊಳೆಯುವ ಆ್ಯಸಿಡನ್ನೇ ಟ್ಯಾಂಕಿಗೆ ಸುರಿಯುವ ಪದ್ಧತಿ ಇದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಜೊತೆ ಉಕ್ಕನ್ನೂ ಅದು ಬಿಡುವುದಿಲ್ಲ. ನಿಂಬೆಯ ಆಮ್ಲವೆಂದೇ ತಿಳಿದಿರುವ ಸಿಟ್ರಿಕ್ ಆಮ್ಲದ ತೆಳು ದ್ರಾವಣ ನಿಧಾನವಾದರೂ ಸುರಕ್ಷಿತ.

ಟ್ಯಾಂಕಿನಿಂದ ನಲ್ಲಿಯವರೆಗಿನ ಪೈಪನ್ನು ವ್ಯವಸ್ಥೆಯ ಭಾಗವೆಂದೇ ಯಾರೂ ಎಣಿಸುವುದಿಲ್ಲ. ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನ ಪ್ರತಿ ಮೀಟರಿನಲ್ಲೂ ಸುಮಾರು 0.31 ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಯ ಹಿಂಬದಿಯ ಬಚ್ಚಲಿಗೆ 25 ಮೀಟರ್ ಪೈಪು ಓಡಿದ್ದರೆ, ಬಿಸಿನೀರು ಕೈಗೆ ಸಿಗುವ ಮುನ್ನ ಎಂಟು ಲೀಟರ್ ತಣ್ಣೀರು ಹೊರಹೋಗಬೇಕು. ಮಧ್ಯೆ ಹತ್ತು ನಿಮಿಷ ಯಾರೂ ನಲ್ಲಿ ತಿರುಗಿಸದಿದ್ದರೆ, ಹೊದಿಕೆಯಿಲ್ಲದ ಪೈಪಿನಲ್ಲಿ ನಿಂತ ನೀರು ಆರತೊಡಗಿ ಮತ್ತೆ ಅದೇ ಕಥೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ ನಗರದಲ್ಲಿ, ಮನೆಮನೆಯ ಬಚ್ಚಲಲ್ಲಿ ಬೆಳಗಾಗೆದ್ದು ಹೀಗೆ ಹರಿದುಹೋಗುವ ಬಕೆಟ್‌ಗಳ ಲೆಕ್ಕ ಯಾರಲ್ಲೂ ಇಲ್ಲ. ಇದಕ್ಕೆ ಔಷಧ ಮನೆಯ ನಕ್ಷೆಯಲ್ಲೇ ಇದೆ: ಬಚ್ಚಲುಗಳನ್ನು ಒಂದರ ಕೆಳಗೊಂದು ಬರುವಂತೆ ಇಟ್ಟು, ಸೋಲಾರ್ ಟ್ಯಾಂಕನ್ನು ಅವುಗಳ ನೆತ್ತಿಗೇ ಕೂರಿಸಿ, ಬಿಸಿನೀರಿನ ಪೈಪನ್ನು ಅಗತ್ಯಕ್ಕಿಂತ ದಪ್ಪ ಮಾಡದೆ, ತಾರಸಿಯ ಮೇಲಿನ ಉದ್ದಕ್ಕೂ ನೊರೆರಬ್ಬರಿನ ಕೊಳವೆಯನ್ನು ತೊಡಿಸಿದರೆ ಪೋಲಾಗುವ ನೀರು ಕಾಲುಭಾಗಕ್ಕೂ ಇಳಿಯಬಹುದು. ನಕ್ಷೆ ಕೈಮೀರಿದ ಮನೆಗಳಲ್ಲಿ ಆ ಮೊದಲ ಬಕೆಟ್ಟನ್ನು ಹಿಡಿದಿಟ್ಟು ಬಟ್ಟೆಗೋ ನೆಲ ಒರೆಸಲೋ ಬಳಸುವವರು ಮಾಡುತ್ತಿರುವುದು ಸರಿಯಾದ ಕೆಲಸ.

ಬಿಸಿ ತಣ್ಣೀರುಗಳು ಸೇರುವ ಮಿಕ್ಸರ್ ನಲ್ಲಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೋಲಾರಿನ ಬಿಸಿನೀರು ವೆಂಟಿನ ಮೂಲಕ ಆಕಾಶಕ್ಕೆ ತೆರೆದಿರುವುದರಿಂದ ಅದರ ಒತ್ತಡ ಕಡಿಮೆ. ಶವರಿನ ರಭಸ ಸಾಲದೆಂದು ತಣ್ಣೀರಿನ ಪೈಪಿಗೆ ಮಾತ್ರ ಪ್ರೆಷರ್ ಪಂಪ್ ಕೂರಿಸಿದರೆ, ಮಿಕ್ಸರಿನಲ್ಲಿ ಹೆಚ್ಚು ಒತ್ತಡದ ತಣ್ಣೀರು ಬಿಸಿನೀರಿನ ಪೈಪನ್ನು ಹಿಂದಕ್ಕೆ ತಳ್ಳಿಕೊಂಡು ಮೇಲೇರಿ, ಸೋಲಾರ್ ಟ್ಯಾಂಕನ್ನು ತಣ್ಣಗೆ ಮಾಡಿ, ವೆಂಟಿನಿಂದ ತಾರಸಿಗೆ ಸುರಿಯುತ್ತದೆ. ಮನೆಯವರು ಟ್ಯಾಂಕು ಸೋರುತ್ತಿದೆ ಎಂದು ದೂರುತ್ತಾರೆ. ದೋಷವಿರುವುದು ಮೂರು ಮಹಡಿ ಕೆಳಗೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿಯನ್ನು ಪ್ರತಿ ಬಚ್ಚಲಿನ ಬಿಸಿನೀರಿನ ಕವಲಿಗೂ ಹಾಕುವುದು, ಪಂಪ್ ಹಾಕುವುದಾದರೆ ಎರಡೂ ಪೈಪುಗಳ ಒತ್ತಡವನ್ನು ಸಮವಾಗಿಡುವುದು ಇದಕ್ಕೆ ಪರಿಹಾರ.

ಗೀಸರಿನ ಒಳರಚನೆ ಸೋಲಾರ್ ಟ್ಯಾಂಕಿನದೇ ಚಿಕ್ಕ ರೂಪ, ಆದರೆ ಅದು ವೆಂಟಿಲ್ಲದೆ ಮುಚ್ಚಿದ ತೊಟ್ಟಿ ಎಂಬುದು ಮುಖ್ಯ ವ್ಯತ್ಯಾಸ. ನಿಕ್ರೋಮ್ ತಂತಿಯನ್ನು ಮೆಗ್ನೀಸಿಯಂ ಆಕ್ಸೈಡ್ ಪುಡಿಯಲ್ಲಿ ಹುದುಗಿಸಿ ಲೋಹದ ಕೊಳವೆಯಲ್ಲಿ ಮುಚ್ಚಿದ ಎಲಿಮೆಂಟ್ ನೀರನ್ನು ಕಾಯಿಸುತ್ತದೆ. ಹದಿನೈದು ಲೀಟರನ್ನು 25ರಿಂದ 60 ಡಿಗ್ರಿಗೆ ತರಲು ಎರಡು ಕಿಲೋವಾಟಿನ ಎಲಿಮೆಂಟಿಗೆ ಹದಿನೆಂಟು ನಿಮಿಷ ಸಾಕು. ನಿಗದಿತ ಉಷ್ಣಾಂಶದಲ್ಲಿ ಥರ್ಮೋಸ್ಟಾಟ್ ವಿದ್ಯುತ್ತನ್ನು ನಿಲ್ಲಿಸುತ್ತದೆ. ಅದು ಕೈಕೊಟ್ಟರೆ ಥರ್ಮಲ್ ಕಟ್‌ಔಟ್, ಅದೂ ಕೈಕೊಟ್ಟರೆ ಸುರಕ್ಷಾ ಕವಾಟ ಅಥವಾ ಸೇಫ್ಟಿ ವಾಲ್ವ್ ಕಾಯಬೇಕು. ಕಾಯುವಾಗ ಹದಿನೈದು ಲೀಟರ್ ನೀರು ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹಿಂದೆ ಸರಿಯಲು ಎನ್‌ಆರ್‌ವಿ ಬಿಡದಿದ್ದಾಗ ಈ ಹೆಚ್ಚುವರಿ ನೀರಿಗೆ ಇರುವ ಏಕೈಕ ಬಾಗಿಲು ಆ ಕವಾಟ. ಗೀಸರ್ ಕಾಯುವಾಗ ವಾಲ್ವಿನಿಂದ ಹನಿ ಬೀಳುವುದು ಅದು ಬದುಕಿದೆ ಎಂಬುದರ ಗುರುತು. ಹನಿ ನಿಲ್ಲಿಸಲು ಅಲ್ಲಿ ಬಿರಡೆ ಹಾಕುವ ಪ್ಲಂಬರನ್ನು ತಡೆಯಬೇಕು, ಹಿಟ್ಟೆ ಕಟ್ಟಿ ಗಟ್ಟಿಯಾಗದಂತೆ ಅದರ ಸನ್ನೆಯನ್ನು ಆಗಾಗ ಎತ್ತಿ ನೋಡಬೇಕು.

ಥರ್ಮೋಸ್ಟಾಟನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಎರಡು ಎಚ್ಚರಗಳು ಒಂದಕ್ಕೊಂದು ಎದುರಾಗುತ್ತವೆ. ಅರವತ್ತು ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ, ಮಕ್ಕಳದೂ ವೃದ್ಧರದೂ ಇನ್ನೂ ಬೇಗ. ಆದರೆ 20ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ, ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಟ್ಯಾಂಕಿನಲ್ಲಿ ನೀರನ್ನು 60 ಡಿಗ್ರಿಗೆ ತಂದು, ನಲ್ಲಿಯಲ್ಲಿ ತಣ್ಣೀರು ಬೆರೆಸಿ ಇಳಿಸುವುದು ಎರಡನ್ನೂ ಪಾಲಿಸುವ ದಾರಿ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು ಬಿಡುವ ರೂಢಿಯನ್ನು ಸೋಲಾರ್ ಬಂದ ಮೇಲೆ ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು, ಏಕೆಂದರೆ ಮಾರ್ಚ್ ತಿಂಗಳ ಸೋಲಾರ್ ನೀರು ಯಾವ ಥರ್ಮೋಸ್ಟಾಟಿನ ಮಾತನ್ನೂ ಕೇಳುವುದಿಲ್ಲ.

ಗ್ಯಾಸ್ ಗೀಸರಿನ ಬಗ್ಗೆ ಹೇಳಬೇಕಾದುದು ಸ್ವಲ್ಪ, ಆದರೆ ಅದರಲ್ಲಿ ರಿಯಾಯಿತಿಯಿಲ್ಲ. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ಸ್ನಾನ ಮಾಡುವವರಿಗೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪಿಸುತ್ತದೆ. ನಗರದಲ್ಲಿ ಇದರಿಂದ ಸಾವುಗಳಾಗಿವೆ. ಅದರ ಜಾಗ ಬಚ್ಚಲಿನ ಹೊರಗಿನ ತೆರೆದ ಬಾಲ್ಕನಿ ಅಥವಾ ಯುಟಿಲಿಟಿ, ಬೇರೆಲ್ಲೂ ಅಲ್ಲ.

ಹೆಬ್ಬಾಳ, ಜಕ್ಕೂರುಗಳ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಲೆಕ್ಕವೇ ಬದಲಾಗುತ್ತದೆ. ಇಪ್ಪತ್ತು ಮಹಡಿಗೆ ಒಂದೇ ತಾರಸಿ. ಎಲ್ಲರಿಗೂ ಸಾಲುವಷ್ಟು ಕಲೆಕ್ಟರಿಗೆ ಜಾಗವಿಲ್ಲದ್ದರಿಂದ ಮೇಲಿನ ಕೆಲವು ಮಹಡಿಗಳಿಗೆ ಸೋಲಾರ್ ಕೊಟ್ಟು ಉಳಿದವರಿಗೆ ಗೀಸರ್ ಬಿಡುವುದು ಸಾಮಾನ್ಯ. ಕೆಲವು ಕಡೆ ಹೀಟ್ ಪಂಪ್ ಬಂದಿದೆ. ಫ್ರಿಜ್ಜು ಒಳಗಿನ ಶಾಖವನ್ನು ಹಿಂಬದಿಗೆ ಸಾಗಿಸುವಂತೆ, ಇದು ಹೊರಗಿನ ಗಾಳಿಯ ಶಾಖವನ್ನು ಶೀತಕ ದ್ರವದ ಮೂಲಕ ಎತ್ತಿ ನೀರಿಗೆ ಸೇರಿಸುತ್ತದೆ. ಬೆಂಗಳೂರಿನಂಥ ಮಿತ ಹವೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ನೀರಿಗೆ ಸಿಗುತ್ತದೆ, ಮೋಡವಿದ್ದರೂ ನಡೆಯುತ್ತದೆ. ಇಂಥ ಸಾಮೂಹಿಕ ವ್ಯವಸ್ಥೆಯಲ್ಲಿ ದೂರದ ಮನೆಗೂ ತಕ್ಷಣ ಬಿಸಿನೀರು ಸಿಗಲೆಂದು ಪೈಪನ್ನು ಉಂಗುರದಂತೆ ಜೋಡಿಸಿ, ಸಣ್ಣ ಪಂಪಿನಿಂದ ನೀರನ್ನು ಸುತ್ತಿಸುತ್ತಾರೆ. ಇದಕ್ಕೆ ರೀಸರ್ಕ್ಯುಲೇಷನ್ ಎನ್ನುತ್ತಾರೆ. ನೀರು ಉಳಿಯುತ್ತದೆ, ಆದರೆ ಪೈಪಿನ ಹೊದಿಕೆ ಕಳಪೆಯಾಗಿದ್ದರೆ ಇಡೀ ಕಟ್ಟಡದ ಪೈಪುಗಳು ಹಗಲಿರುಳು ಶಾಖವನ್ನು ಚೆಲ್ಲುತ್ತವೆ. ಆ ಪಂಪನ್ನು ಬೆಳಿಗ್ಗೆ ಐದರಿಂದ ಒಂಬತ್ತರವರೆಗೂ ಸಂಜೆ ಒಂದೆರಡು ಗಂಟೆಯೂ ಮಾತ್ರ ಓಡಿಸುವ ಟೈಮರನ್ನು ನಿವಾಸಿಗಳ ಸಂಘ ಹಾಕಿಸಬಹುದು. ಮರಳಿಬರುವ ನೀರಿನ ಉಷ್ಣಾಂಶವನ್ನು ತೋರಿಸುವ ಮಾಪಕವೊಂದನ್ನು ಪಂಪಿನ ಪಕ್ಕದಲ್ಲೇ ಕೂರಿಸಿದರೆ, ಹೊರಟ ನೀರಿಗೂ ಮರಳಿದ ನೀರಿಗೂ ಎಷ್ಟು ಡಿಗ್ರಿ ಅಂತರವಿದೆ ಎಂಬುದರಿಂದ ಹೊದಿಕೆಯ ಸ್ಥಿತಿ ಗೋಡೆ ಒಡೆಯದೆಯೇ ತಿಳಿಯುತ್ತದೆ.